ಸಿರಿಯ ಬೆರಳಿಗೆ ಎಟುಕದ ಬ್ರೇಕು

2014ರ ಬೇಸಿಗೆ. ಅಮೆರಿಕದ ರೆಡ್ಮಂಡಿನಲ್ಲಿ ಶಾಲೆಗಳಿಗೆ ಆಗಷ್ಟೇ ರಜೆ ಕೊಟ್ಟಿದ್ದರು. ನನ್ನ ಮಗಳು ಸಿರಿಗೆ ಏಳು ವರ್ಷ. ಹಳೆಯ ಸೈಕಲ್ ಮೇಲೆ ಕೂತರೆ ಅವಳ ಮೊಣಕಾಲು ಹ್ಯಾಂಡಲ್‌ಗೆ ತಾಗುತ್ತಿತ್ತು. ಹೊಸದು ಬೇಕೇ ಬೇಕು ಅಂತ ದಿನಾ ರಾಗ ಎಳೆಯುತ್ತಿದ್ದಳು.

ಸೈಕಲ್ ವಿಷಯ ಬಂದರೆ ನಮ್ಮ ಮನೆಯಲ್ಲಿ ನನ್ನ ಮಾತೇ ಕೊನೆ. ತಿಪಟೂರಿನಲ್ಲಿ ನಮ್ಮಪ್ಪನಿಗೆ ಸೈಕಲ್ ಶಾಪ್ ಇತ್ತು. ಹತ್ತು ವರ್ಷಕ್ಕೇ ನಾನು ಪಂಚರ್ ಹಾಕುತ್ತಿದ್ದೆ, ಚಕ್ರದ ಬೆಂಡ್ ತೆಗೆಯುತ್ತಿದ್ದೆ. ದೊಡ್ಡವರ ಸೈಕಲ್ಲಿನ ಫ್ರೇಮಿನೊಳಗೆ ಕಾಲು ತೂರಿಸಿಯೇ ಸವಾರಿ ಕಲಿತವಳು ನಾನು. ನನ್ನ ಗಂಡ ಪ್ರಸನ್ನ ಮೈಸೂರಿನವರು, ಸಾಫ್ಟ್‌ವೇರ್ ಎಂಜಿನಿಯರ್. ಸ್ಪ್ಯಾನರ್ ಯಾವ ಕಡೆಗೆ ತಿರುಗಿಸಬೇಕು ಅಂತಲೂ ಅವರಿಗೆ ಗೊತ್ತಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿ ನಗುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ.

ಒಂದು ಶನಿವಾರ ಮೂವರೂ ಸೈಕಲ್ ಅಂಗಡಿಗೆ ಹೋದೆವು. ಅಲ್ಲಿದ್ದ ಬಿಳಿ ಗಡ್ಡದ ಮೆಕ್ಯಾನಿಕ್ ಬಲು ನಿಧಾನದ ಮನುಷ್ಯ. ಸಿರಿಯನ್ನು ಗೋಡೆಗೆ ನಿಲ್ಲಿಸಿ ಅವಳ ಕಾಲಿನ ಉದ್ದ ಅಳೆದ. ಒಂದು ಸೈಕಲ್ ತಂದು ಕೂರಿಸಿ, ಎರಡೂ ಪಾದ ನೆಲಕ್ಕೆ ತಾಗುತ್ತವಾ ಎಂದು ಬಗ್ಗಿ ನೋಡಿದ. ಇವಳಿಗೆ ಇಪ್ಪತ್ತು ಇಂಚಿನ ಚಕ್ರದ್ದು ಸರಿ ಎಂದ. ನನ್ನ ಕಣ್ಣು ಮಾತ್ರ ಪಕ್ಕದಲ್ಲಿದ್ದ ಇಪ್ಪತ್ತನಾಲ್ಕು ಇಂಚಿನದರ ಮೇಲಿತ್ತು. ಅದನ್ನು ಕೊಡಿ ಎಂದೆ. ಅವನು ಬೇಡವೆಂದು ತಲೆಯಾಡಿಸಿ, ಸಿರಿಯ ಕೈಯನ್ನು ಅದರ ಬ್ರೇಕ್ ಲಿವರಿನ ಮೇಲೆ ಇಟ್ಟು, "ಇವಳ ಬೆರಳು ನೋಡಿ, ತುದಿ ಮಾತ್ರ ತಾಗುತ್ತಿದೆ. ಎರಡು ವರ್ಷ ಬಿಟ್ಟು ಬನ್ನಿ" ಎಂದ.

ಎರಡು ವರ್ಷ ಬಿಟ್ಟು ಬಂದರೆ ಇನ್ನೊಂದು ಸೈಕಲ್ ಮಾರಬಹುದಲ್ಲ, ಅದಕ್ಕೆ ಹೀಗೆ ಹೇಳುತ್ತಿದ್ದಾನೆ ಎಂದೇ ನನಗೆ ಅನಿಸಿದ್ದು. ನಮ್ಮಲ್ಲಿ ಬೆಳೆಯುವ ಮಕ್ಕಳಿಗೆ ಯಾರು ಅಳತೆಗೆ ಸರಿಯಾಗಿ ತರುತ್ತಾರೆ? ಯೂನಿಫಾರಂ ಆಗಲಿ, ಶೂ ಆಗಲಿ, ಒಂದು ಸೈಜ್ ದೊಡ್ಡದೇ. ಶೂ ಒಳಗೆ ಹತ್ತಿ ತುರುಕಿಕೊಂಡು ಶಾಲೆಗೆ ಹೋದವಳಿಗೆ ಇದೊಂದು ಸಮಸ್ಯೆಯಾಗಿಯೇ ಕಾಣಲಿಲ್ಲ.

ಕಾರಿನಲ್ಲಿ ಪ್ರಸನ್ನ, "ಅವನು ಹೇಳಿದ್ದೇ ತಗೊಳ್ಳೋಣ ಬಿಡೇ. ಅವನಿಗೆ ದಿನಾ ಇದೇ ಕೆಲಸ" ಅಂದರು.

"ರೀ, ಸೈಕಲ್ ವಿಷಯ ನಿಮಗೇನ್ರೀ ಗೊತ್ತು? ಸುಮ್ನೆ ಡ್ರೈವ್ ಮಾಡಿ" ಎಂದೆ.

ಮರುವಾರ ಪಕ್ಕದ ಊರು ಡುವಾಲ್‌ನಲ್ಲಿ ಒಂದು ಮನೆಯವರು ಇಪ್ಪತ್ತನಾಲ್ಕು ಇಂಚಿನದೇ ಸೈಕಲ್ ಮಾರುತ್ತಿರುವುದು ಗೊತ್ತಾಯಿತು. ಹೋಗಿ ನೋಡಿದೆ. ಒಳ್ಳೆಯ ಮಾಲು. ಹಗುರವಾದ ಫ್ರೇಮು, ಒಂದು ಚೂರೂ ತುಕ್ಕಿಲ್ಲ, ಗೇರ್ ಬೆಣ್ಣೆಯ ಹಾಗೆ ಬೀಳುತ್ತಿತ್ತು. ತಂದು ಗ್ಯಾರೇಜಿನಲ್ಲಿ ಇಟ್ಟುಕೊಂಡು ಎರಡು ದಿನ ಅದರ ಜೊತೆ ಕೂತೆ. ಸೀಟು ಎಷ್ಟು ಇಳಿಯುತ್ತದೋ ಅಷ್ಟು ಇಳಿಸಿದೆ. ಆದರೂ ಸಿರಿಯ ಕಾಲು ಪೆಡಲಿಗೆ ಸರಿಯಾಗಿ ಸಿಗಲಿಲ್ಲ. ಎರಡು ಮರದ ತುಂಡು ಕೊಯ್ದು, ತೂತು ಕೊರೆದು, ಬೋಲ್ಟ್ ಹಾಕಿ ಪೆಡಲಿಗೆ ಬಿಗಿದೆ. ಅಪ್ಪನ ಅಂಗಡಿಯಲ್ಲಿ ಕುಳ್ಳಗಿದ್ದವರಿಗೆ ಹೀಗೇ ಮಾಡಿಕೊಡುತ್ತಿದ್ದರು. ಕೊನೆಗೆ ಬ್ರೇಕ್ ಬಿಗಿ ಮಾಡಿ, ಲಿವರ್ ಒತ್ತಿ ನೋಡಿದೆ. ಚಕ್ರ ಗಕ್ಕನೆ ನಿಂತಿತು. ಒತ್ತಿದ್ದು ನನ್ನ ಕೈ. ಸಿರಿಯ ಕೈಯಲ್ಲಿ ಒತ್ತಿಸಿ ನೋಡಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ನಾಲ್ಕು ದಿನ ಮನೆ ಮುಂದಿನ ಸಮತಟ್ಟಾದ ಜಾಗದಲ್ಲೇ ಓಡಿಸಿದಳು. ನಿಲ್ಲಿಸಬೇಕಾದಾಗ ಹುಲ್ಲಿನ ಮೇಲೆ ಹೋಗಿ ಜಿಗಿದುಬಿಡುತ್ತಿದ್ದಳು. "ಬ್ರೇಕ್ ಹಾಕೋದು ಕಲಿಯೇ, ಕೋತಿ ಥರ ಜಿಗೀಬೇಡ" ಎಂದು ರೇಗಿದೆ. ಅವಳು ಮತ್ತೆ ಸೈಕಲ್ ಹತ್ತಿದಳು.

ನಮ್ಮ ಮನೆ ಗುಡ್ಡದ ಮೇಲೆ. ಬೀದಿ ಇಳಿಜಾರಾಗಿ ಹೋಗಿ, ಒಂದು ತಿರುವು ದಾಟಿ, ಕೆಳಗಿನ ದೊಡ್ಡ ರಸ್ತೆಗೆ ಸೇರುತ್ತದೆ. ಆ ರಸ್ತೆಯಲ್ಲಿ ಟ್ರಕ್ಕುಗಳು, ಆಫೀಸಿನ ಬಸ್ಸುಗಳು ಓಡುತ್ತಲೇ ಇರುತ್ತವೆ. ಐದನೆಯ ದಿನ ಮಧ್ಯಾಹ್ನ ಸಿರಿ ಇಳಿಜಾರಿನ ತಲೆಯಲ್ಲಿ ನಿಂತು ನನ್ನ ಮುಖ ನೋಡಿದಳು. ಹೋಗಲಾ ಬೇಡವಾ ಎಂಬ ಮುಖ.

"ಹೋಗು, ಏನೂ ಆಗಲ್ಲ. ತಿರುವಿನ ಹತ್ರ ಬ್ರೇಕ್ ಹಾಕು" ಎಂದೆ. ಹಾಗೆಂದವಳು ನಾನೇ.

ಹೊರಟಳು. ಹತ್ತು ಮಾರು ಹೋಗುವಷ್ಟರಲ್ಲಿ ವೇಗ ಹೆಚ್ಚಿತು. ಬ್ರೇಕ್ ಹಾಕು ಎಂದು ಕೂಗಿದೆ. ಆಗ ನನ್ನ ಕಣ್ಣಿಗೆ ಬಿದ್ದದ್ದನ್ನು ಇವತ್ತಿಗೂ ಮರೆಯಲು ಆಗಿಲ್ಲ. ಅವಳ ಕಾಲು ಪೆಡಲನ್ನು ಹಿಂದಕ್ಕೆ ತುಳಿಯುತ್ತಿತ್ತು. ಗರಗರ ಹಿಂದಕ್ಕೆ. ಇಲ್ಲಿ ಪುಟ್ಟ ಮಕ್ಕಳ ಸೈಕಲ್ಲಿನಲ್ಲಿ ಪೆಡಲು ಹಿಂದಕ್ಕೆ ತುಳಿದರೆ ಚಕ್ರ ನಿಲ್ಲುತ್ತದೆ. ಅವಳ ಹಳೆಯ ಸೈಕಲ್ ಹಾಗೇ ಇತ್ತು. ಇದರಲ್ಲಿ ಹಿಂದಕ್ಕೆ ತುಳಿದರೆ ಚೈನ್ ಸುಮ್ಮನೆ ತಿರುಗುತ್ತದೆ, ಅಷ್ಟೆ. ಬೆರಳು ಲಿವರಿಗೆ ಎಟುಕದೆ, ಮಗು ತನಗೆ ಗೊತ್ತಿದ್ದ ಒಂದೇ ಬ್ರೇಕನ್ನು ಜೀವ ಕೈಯಲ್ಲಿ ಹಿಡಿದು ತುಳಿಯುತ್ತಿತ್ತು.

ಓಡಿದೆ. ಕಾಲಲ್ಲಿದ್ದ ಚಪ್ಪಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಸಿರಿ ತಿರುವಿನಲ್ಲಿ ಕಾಣದಾದಳು. ಮರುಕ್ಷಣ ಕೆಳಗಿನಿಂದ ಒಂದು ದೊಡ್ಡ ಗಾಡಿ ಬ್ರೇಕ್ ಹಾಕಿದ ಕಿರ್ರೆನ್ನುವ ಸದ್ದು. ಆಮೇಲೆ ಏನೂ ಇಲ್ಲ. ಅಳುವೂ ಇಲ್ಲ.  ತಿರುವು ಹತ್ತು ಹೆಜ್ಜೆ ದೂರ ಇರಬಹುದು. ಅದರಾಚೆ ಏನು ನೋಡಬೇಕಾಗುತ್ತದೋ ಎಂದು ನನ್ನ ಕಾಲು ಮುಂದಕ್ಕೆ ಬರಲೇ ಒಲ್ಲದು. ತಾಯಿಯಾಗಿ ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಒಂದು ಗಳಿಗೆ ನಾನು ನಿಂತುಬಿಟ್ಟೆ.

ದಾಟಿ ನೋಡಿದರೆ ದೊಡ್ಡ ರಸ್ತೆಯ ಅಂಚಿನಲ್ಲಿ ಒಂದು ಪಾರ್ಸೆಲ್ ವ್ಯಾನು ಓರೆಯಾಗಿ ನಿಂತಿತ್ತು. ಬಾಗಿಲು ತೆರೆದೇ ಇತ್ತು. ಸೈಕಲ್ ಇಲ್ಲ, ಸಿರಿ ಇಲ್ಲ. ನಾನು ವ್ಯಾನಿನ ಚಕ್ರದ ಕೆಳಗೆ ಬಗ್ಗಿ ನೋಡಿದೆ. ಅಷ್ಟರಲ್ಲಿ ಪಕ್ಕದ ಬ್ಲ್ಯಾಕ್‌ಬೆರಿ ಮುಳ್ಳುಪೊದೆಯಿಂದ ಒಬ್ಬ ಹೆಂಗಸು, "ಇಲ್ಲಿ, ಇಲ್ಲಿದ್ದಾಳೆ!" ಎಂದು ಕೂಗಿದಳು. ಅವಳೇ ವ್ಯಾನಿನ ಡ್ರೈವರ್. ಸಿರಿ ರಸ್ತೆಗೆ ಬೀಳುವ ಮುಂಚೆಯೇ ಹ್ಯಾಂಡಲ್ ತಿರುಗಿಸಿ ಪೊದೆಗೆ ನುಗ್ಗಿದ್ದಳು. ಮೈಯೆಲ್ಲ ಗೀರು, ಗದ್ದದಿಂದ ರಕ್ತ. ಹೆಲ್ಮೆಟ್ ತಲೆಯ ಮೇಲೇ ಇತ್ತು. ಕಣ್ಣು ಬಿಟ್ಟುಕೊಂಡಿದ್ದಳು.

ಎತ್ತಿಕೊಳ್ಳಲು ಹೋದೆ. ಆ ಹೆಂಗಸು ನನ್ನ ಕೈ ಹಿಡಿದಳು. ಕತ್ತಿಗೆ ಏನಾಗಿದೆಯೋ, ಅಲುಗಿಸಬೇಡ ಎಂದಳು. ಅವಳೇ ಆಂಬುಲೆನ್ಸಿಗೆ ಫೋನ್ ಮಾಡಿದಳು. ಮಗುವಿನ ಹೆಸರೇನು ಎಂದರೆ ಹೇಳಿದೆ. ನಿಮ್ಮ ಮನೆ ನಂಬರೇನು ಎಂದರೆ ನನಗೆ ನೆನಪಾಗಲಿಲ್ಲ.

ಸಿರಿ ನನ್ನನ್ನು ನೋಡಿ ಮೊದಲು ಆಡಿದ ಮಾತು, "ಸಾರಿ ಅಮ್ಮಾ. ಐ ಡಿಡ್ ಇಟ್ ರಾಂಗ್."

ಆಸ್ಪತ್ರೆ ಸೇರಿದ ಮೇಲೆ ಇನ್ನೊಂದು ಭಯ ಶುರುವಾಯಿತು. ನಮ್ಮವರು ಸೇರಿದ ಊಟಗಳಲ್ಲಿ ಇಂಥ ಕಥೆಗಳಿಗೆ ಬರವಿಲ್ಲ. ಯಾರದೋ ಮಗು ಬಿತ್ತಂತೆ, ಆಸ್ಪತ್ರೆಯವರು ರಿಪೋರ್ಟ್ ಮಾಡಿದರಂತೆ, ಸರ್ಕಾರದವರು ಬಂದು ಮಗುವನ್ನೇ ಕರೆದುಕೊಂಡು ಹೋದರಂತೆ. ಹೇಳಿದವರಲ್ಲಿ ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೆ ಆ ಹೊತ್ತಿಗೆ ಅದೆಲ್ಲ ಸತ್ಯವೇ ಅನಿಸಿತು. ಮಗುವಿನ ಸೈಕಲ್ಲಿಗೆ ಮರದ ತುಂಡು ಬಿಗಿದು ಇಳಿಜಾರಿಗೆ ಕಳಿಸಿದ ತಾಯಿ ಎಂದು ಬರೆದುಕೊಂಡರೆ? ಆಫೀಸಿನಿಂದ ಓಡಿ ಬಂದಿದ್ದ ಪ್ರಸನ್ನರ ಮುಖವೂ ಬಿಳಿಚಿಕೊಂಡಿತ್ತು. ನಡೆದದ್ದನ್ನು ಅವರಿಗೆ ಪಿಸುಮಾತಿನಲ್ಲಿ ಹೇಳಿದೆ.

ಡಾಕ್ಟರು ಬಂದು ನೋಡಿದರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ, ಗದ್ದಕ್ಕೆ ಹೊಲಿಗೆ ಬೇಕು, ಕತ್ತು ತಲೆ ಸರಿಯಾಗಿದೆ ಎಂದರು. ಬೇರೆ ಎಲ್ಲಾದರೂ ನೋವಿದೆಯಾ ಎಂದು ಕೇಳಿದಾಗ ಸಿರಿ, "ನೋ. ಐ ಆಮ್ ಫೈನ್" ಎಂದಳು. ಅವರು ಹೋದ ಮೇಲೆ ಒಬ್ಬ ನರ್ಸ್ ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತಳು. ಕೈಯಲ್ಲಿ ಪೆನ್ನು. ಏನಾಯಿತು, ಹೇಗೆ ಬಿದ್ದೆ ಎಂದು ಅವಳನ್ನೇ ಕೇಳಿದಳು.

ಸಿರಿ ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಿತೋ! ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು. ದೊಡ್ಡ ಸೈಕಲ್ ಬೇಕು ಎಂದದ್ದು ತಾನೇ, ಅಮ್ಮ ಇಳಿಜಾರಿಗೆ ಹೋಗಬೇಡ ಎಂದಿದ್ದಳು, ಹೋದದ್ದು ತಾನೇ, ತಪ್ಪು ತನ್ನದೇ ಎಂದು.

ಏಳು ವರ್ಷದ ಮಗು ನನ್ನನ್ನು ಕಾಪಾಡಲು ಸುಳ್ಳು ಹೇಳುತ್ತಿತ್ತು. ನರ್ಸ್ ಬರೆದುಕೊಂಡಳು. ಪ್ರಸನ್ನ ನನ್ನ ಕೈ ಅದುಮಿ, ಕನ್ನಡದಲ್ಲಿ, "ಸುಮ್ನಿರು. ಏನೂ ಹೇಳ್ಬೇಡ" ಎಂದರು. ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಒಂದು ನಿಮಿಷ ಇರಬಹುದು, ಎರಡು ಇರಬಹುದು. ನರ್ಸ್ ಪೆನ್ನು ಮುಚ್ಚಿ ಏಳುವುದರಲ್ಲಿದ್ದಳು. ಅವಳು ಎದ್ದು ಹೋಗಿಬಿಟ್ಟರೆ ನಾನು ಗೆದ್ದ ಹಾಗೆ. ಹಾಗೆಂದುಕೊಂಡ ಕೂಡಲೇ ನಾನೇ ಎದ್ದು ನಿಂತೆ.

"ಅವಳು ಹೇಳಿದ್ದು ನಿಜವಲ್ಲ" ಎಂದೆ. ಆಮೇಲೆ ನಿಲ್ಲಿಸಲು ಆಗಲಿಲ್ಲ. ಅಂಗಡಿಯವನು ಬೇಡ ಎಂದದ್ದು, ಪೆಡಲಿನ ಮರದ ತುಂಡು, ಬೆರಳಿಗೆ ಸಿಗದ ಬ್ರೇಕು, ಹೋಗು ಎಂದು ಕಳಿಸಿದ್ದು, ಎಲ್ಲ ಹೇಳಿದೆ. ಇಂಗ್ಲಿಷು ತಡವರಿಸಿತು, ಮಧ್ಯೆ ಮಧ್ಯೆ ಕನ್ನಡ ಬಂತು. ಕೊನೆಗೆ ಸಿರಿಯ ಹತ್ತಿರ ಹೋಗಿ, "ತಪ್ಪು ನಂದು ಕಂದಾ, ನಿಂದಲ್ಲ. ನೀನು ಸರಿಯಾಗೇ ಬ್ರೇಕ್ ಹಾಕ್ದೆ. ಯಾರೂ ಬೈಯಲ್ಲ. ಬೇರೆ ಎಲ್ಲಾದ್ರೂ ನೋವಿದ್ಯಾ?" ಎಂದು ಕೇಳಿದೆ.

ಅವಳು ಪೆಟ್ಟಾಗದ ಕೈಯನ್ನು ಹೊಟ್ಟೆಯ ಎಡಭಾಗದ ಮೇಲೆ ಇಟ್ಟಳು. "ಹಿಯರ್. ಇಟ್ಸ್ ಬೀನ್ ಹರ್ಟಿಂಗ್ ದ ಹೋಲ್ ಟೈಮ್" ಎಂದು ಬಿಕ್ಕಿ ಅತ್ತಳು. ಅಲ್ಲಿಯವರೆಗೆ ಅವಳು ಅತ್ತೇ ಇರಲಿಲ್ಲ.

ನರ್ಸ್ ಅಂಗಿ ಎತ್ತಿ ನೋಡಿದಳು. ಮುಳ್ಳಿನ ಗೀರುಗಳ ನಡುವೆ ಒಂದು ದುಂಡನೆಯ ಕೆಂಪು ಗುರುತು, ನಾಣ್ಯದಷ್ಟು. ಹ್ಯಾಂಡಲ್ಲಿನ ತುದಿ ಹೊಟ್ಟೆಗೆ ಗುದ್ದಿತ್ತು. ನರ್ಸಿನ ಮುಖಭಾವವೇ ಬದಲಾಯಿತು. ಹೊರಗೆ ಹೋಗಿ ಡಾಕ್ಟರನ್ನು ಕರೆದು ತಂದಳು. ಐದೇ ನಿಮಿಷದಲ್ಲಿ ಸಿರಿಯ ಮಂಚ ತಳ್ಳಿಕೊಂಡು ಸ್ಕ್ಯಾನಿಂಗಿಗೆ ಹೊರಟರು. ಹೊಟ್ಟೆಯ ಎಡಗಡೆ ಇರುವ ಗುಲ್ಮ, ಅಂದರೆ ಸ್ಪ್ಲೀನ್, ಸ್ವಲ್ಪ ಹರಿದಿದೆ, ಒಳಗೆ ರಕ್ತ ಜಿನುಗುತ್ತಿದೆ ಎಂದು ಆಮೇಲೆ ಹೇಳಿದರು. ತಾನಾಗಿ ನಿಂತರೆ ಸರಿ, ಇಲ್ಲದಿದ್ದರೆ ಆಪರೇಷನ್. ಮನೆಗೆ ಕರೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತು ಎಂದು ಪ್ರಸನ್ನ ಕೇಳಿದರು. ಡಾಕ್ಟರು, "ಹೋಗಲಿಲ್ಲವಲ್ಲ" ಎಂದಷ್ಟೇ ಹೇಳಿದರು.

ಎರಡು ದಿನ ಅವಳ ಮಂಚದ ಪಕ್ಕ ಕೂತು ಮಾನಿಟರಿನ ಅಂಕಿಗಳನ್ನೇ ನೋಡಿದೆ. ಅಂಕಿ ಒಂದು ಇಳಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಆಸ್ಪತ್ರೆಯ ಸೋಷಿಯಲ್ ವರ್ಕರ್ ಒಬ್ಬಳು ಬಂದಳು. ನಾನು ಹೆದರಿದ್ದ ಗಳಿಗೆ ಅದೇ. ಅವಳು ಎಲ್ಲ ಕೇಳಿಕೊಂಡು, ನೀನು ಊಟ ಮಾಡಿದ್ದೀಯಾ ಎಂದು ವಿಚಾರಿಸಿ, ಹೋದಳು. ಮತ್ತೆ ಬರಲಿಲ್ಲ. ಮೂರನೆಯ ದಿನ ರಕ್ತ ನಿಂತಿದೆ ಎಂದರು. ಆಪರೇಷನ್ ಬೇಕಾಗಲಿಲ್ಲ.

ಮೂರು ತಿಂಗಳು ಓಡುವಂತಿಲ್ಲ, ಜಿಗಿಯುವಂತಿಲ್ಲ ಎಂದಿದ್ದರು. ಅದು ಮುಗಿದ ಮೇಲೆ ಅದೇ ಅಂಗಡಿಗೆ ಹೋಗಿ, ಬಿಳಿ ಗಡ್ಡದವನಿಗೆ ಎಲ್ಲ ಹೇಳಿದೆ. ಅವನು ಹೇಳಿದ್ದೆನಲ್ಲ ಎನ್ನಲಿಲ್ಲ. ಇಪ್ಪತ್ತು ಇಂಚಿನದನ್ನು ತಂದು, ಲಿವರಿನ ಬುಡದಲ್ಲಿದ್ದ ಒಂದು ಪುಟ್ಟ ಸ್ಕ್ರೂ ತಿರುಗಿಸಿದ. ಲಿವರ್ ಹಿಡಿಗೆ ಹತ್ತಿರ ಬಂತು. ಅಂಥ ಸ್ಕ್ರೂ ಒಂದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಸಿರಿ ತನ್ನ ಕೈಯಿಂದಲೇ ಹತ್ತು ಸಲ ಬ್ರೇಕ್ ಒತ್ತಿ ನೋಡಿದಳು. ನಾನು ಕೈ ಕಟ್ಟಿಕೊಂಡು ದೂರ ನಿಂತಿದ್ದೆ.

ಈಗ ಅವಳಿಗೆ ಹನ್ನೆರಡು. ಸೈಕಲ್ಲನ್ನು ನನಗಿಂತ ಚೆನ್ನಾಗಿ ಓಡಿಸುತ್ತಾಳೆ. ಆ ಇಳಿಜಾರನ್ನೂ ಇಳಿಯುತ್ತಾಳೆ. ನನ್ನ ಭಯ ಈಗ ಇಳಿಜಾರಿನದಲ್ಲ. ಶಾಲೆಯಿಂದ ಬಂದವಳ ಮುಖ ಬಾಡಿದ್ದರೆ ಏನಾಯಿತು ಎಂದು ಕೇಳುತ್ತೇನೆ. ತಕ್ಷಣ, ಆಸ್ಪತ್ರೆಯಲ್ಲಿ ಅಂದ ಹಾಗೇ, "ಐ ಆಮ್ ಫೈನ್ ಅಮ್ಮಾ" ಅನ್ನುತ್ತಾಳೆ. ಆಗ ಒಲೆ ಆರಿಸಿ ಅವಳ ಪಕ್ಕ ಹೋಗಿ ಕೂರುತ್ತೇನೆ. "ನಾನು ಬೈಯಲ್ಲ, ಹೇಳು" ಎಂದು ಕಾಯುತ್ತೇನೆ. ಕೆಲವು ಸಲ ಅವಳು ನಿಜವಾಗಿಯೂ ಚೆನ್ನಾಗಿರುತ್ತಾಳೆ. ಕೆಲವು ಸಲ ಇರುವುದಿಲ್ಲ.