‘ಟೂ’ ಎಂಬುದರೊಳಗಿನ ‘ಇಲ್ಲ’

ನಮ್ಮ ಕಾಕಾನಿಗೆ ಇಂಗ್ಲಿಷಿನ ‘ಟೂ’ ಎಂಬ ಪದದ ಮೇಲೆ ಬಹಳ ಪ್ರೀತಿ. ಬಸವಕಲ್ಯಾಣದ ಅವರ ಬಟ್ಟೆ ಅಂಗಡಿಯಲ್ಲಿ ಸೀರೆ ‘ಟೂ ಬೆಸ್ಟ್’, ಬಿಸಿಲು ‘ಟೂ ಹಾಟ್’, ಚೌಕಾಸಿ ಮಾಡುವ ಗಿರಾಕಿ ‘ಟೂ ಕಿರಿಕಿರಿ’. ನಮ್ಮ ಕಡೆಯ ‘ಬಾಳ’ ಎಂಬ ಮಾತಿಗೆ ಅದೇ ಇಂಗ್ಲಿಷ್ ಎಂದು ಅವರು ತಿಳಿದಿದ್ದರು. ಸೀರೆ ಮಾರಲು ಅಷ್ಟು ಸಾಕಿತ್ತು.

ನಾನು ಹತ್ತನೇ ತರಗತಿಯಲ್ಲಿದ್ದಾಗ ಅಪ್ಪನಿಗೆ ಕಾಮಾಲೆಯಾಗಿ, ಹುಮನಾಬಾದಿನ ಒಂದು ಖಾಸಗಿ ದವಾಖಾನೆಗೆ ಸೇರಿಸಿದೆವು. ಡಾಕ್ಟರು ಹೊರರಾಜ್ಯದವರು, ಹೊಸಬರು. ಕನ್ನಡ ಬರುತ್ತಿರಲಿಲ್ಲ, ಹಿಂದಿ ಅರೆಬರೆ. ಕಾಕಾ ಮೊದಲ ದಿನವೇ ‘ಇಂಗ್ಲಿಷ್ ಚಲೇಗಾ ಸಾಬ್’ ಎಂದುಬಿಟ್ಟರು. ಅಂದಿನಿಂದ ಅಪ್ಪನ ಸ್ಥಿತಿ ನಮಗೆ ಕಾಕಾನ ಬಾಯಿಂದಲೇ ತಿಳಿಯಬೇಕಾಗಿತ್ತು.

ಒಂದು ಮಧ್ಯಾಹ್ನ ಕಾಕಾ ನನ್ನೆದುರೇ ಡಾಕ್ಟರ ಮುಂದೆ ಸೋಲಾಪುರದ ದೊಡ್ಡ ದವಾಖಾನೆಯ ಮಾತೆತ್ತಿದರು. ‘ಹಿ ಈಸ್ ಟೂ ವೀಕ್ ಟು ಟ್ರ್ಯಾವೆಲ್’ ಎಂದು ಹೇಳಿ ಡಾಕ್ಟರು ಮುಂದಿನ ಕೋಣೆಗೆ ನಡೆದರು.

‘ವೈನಿ, ಅಣ್ಣ ಬಾಳ ವೀಕ್ ಆಗ್ಯಾನಂತ. ಒಯ್ಯಬೇಕಂತ. ನಾ ಜೀಪ್ ತರ್ತೀನಿ’ ಎಂದು ಕಾಕಾ ಅವ್ವನಿಗೆ ಹೇಳಿ ಹೊರಟರು. ಅವರು ಜೀಪು ತಂದು ಬಾಗಿಲಿಗೆ ನಿಲ್ಲಿಸಿದರೂ ನಾನು ಡಾಕ್ಟರ ಆ ವಾಕ್ಯವನ್ನೇ ಮನಸ್ಸಿನಲ್ಲಿ ತಿರುವುತ್ತಿದ್ದೆ.

‘ಕಾಕಾ, ಒಯ್ಯಾಕ ಬರೂದಿಲ್ಲ ಅಂದಾರ್ರಿ ಅವ್ರು.’

‘ಯಾವಾಗ ಅಂದ್ರು? ನಿನ್ನ ಕಿವ್ಯಾಗ ಬಂದು ಅಂದ್ರೇನು?’

‘ಟೂ ವೀಕ್ ಟು ಟ್ರ್ಯಾವೆಲ್ ಅಂದ್ರ ಹಂಗರಿ.’

‘ಅದರಾಗ ನಾಟ್ ಎಲ್ಲೈತಿ, ತೋರ್ಸು. ಇನ್ನಾ ಹತ್ತನೇತ್ತ ಪಾಸಾಗಿಲ್ಲ, ಡಾಕ್ಟರಿಗೆ ಇಂಗ್ಲಿಷ್ ಕಲಿಸಾಕತ್ಯಾಳ.’

ನಾಟ್ ಇರಲಿಲ್ಲ, ನಿಜ. ‘ಕುಡಿಯಲಾರದಷ್ಟು ಬಿಸಿ’ ಎನ್ನುವಾಗ ಕನ್ನಡದಲ್ಲಿ ‘ಆಗದು’ ಎಂಬುದು ಕಿವಿಗೆ ಬೀಳುತ್ತದೆ. ಇಂಗ್ಲಿಷ್ ಅದನ್ನು ‘ಟೂ’ ಒಳಗೆ ಅಡಗಿಸಿಡುತ್ತದೆ. ಟೂ ತೆಗೆದರೆ ನಾಟ್ ಬರಬೇಕು ಎಂದು ನಮ್ಮ ಮಾಸ್ತರರು ಹಲಗೆಯ ಮೇಲೆ ಬಿಸಿ ಚಹಾದ ವಾಕ್ಯ ಬರೆದು ತೋರಿಸಿದ್ದರು. ಅದನ್ನೇ ಹೇಳಿದೆ. ಕಾಕಾ ನಕ್ಕರು.

ಅವ್ವ ನಗಲಿಲ್ಲ. ‘ಅಂದ್ರ ಆ ಚಾ ಕುಡಿಯಾಕ ಬರೂದಿಲ್ಲೇನು?’

‘ಇಲ್ಲ.’

‘ಆರಿದ ಮ್ಯಾಲ?’

‘ಆರಿದ್ರ ಬರ್ತದವ್ವ. ಈಗ ಬರೂದಿಲ್ಲ.’

ಅವ್ವ ಸೆರಗು ಸರಿಮಾಡಿಕೊಂಡು ತಾನೇ ಡಾಕ್ಟರ ಕೋಣೆಗೆ ಹೋದಳು. ನಾನೂ ಹಿಂದೆ ಹೋದೆ. ಅವಳು ಕೇಳಿದ್ದು ಒಂದೇ ಪದ: ‘ಸೋಲಾಪುರ?’

‘ನಹೀಂ’ ಎಂದರು ಡಾಕ್ಟರು. ಬಾಗಿಲಲ್ಲಿ ಕಾಕಾನನ್ನು ಕಂಡು, ಇವರಿಗೆ ಆಗಲೇ ಹೇಳಿದ್ದೆನಲ್ಲ ಎಂಬಂತೆ ಅವರ ಮುಖದಲ್ಲಿ ಆಶ್ಚರ್ಯ ಮೂಡಿತು. ಆಮೇಲೆ ತಡವರಿಸುತ್ತ, ದಾರಿಯಲ್ಲೇ ಹೋಗಿಬಿಡುತ್ತಾರೆ ಎಂದು ಹಿಂದಿಯಲ್ಲಿ ಹೇಳಿದರು. ಆರುತ್ತದೆಯೇ ಎಂದು ಅವ್ವ ಅವರನ್ನು ಕೇಳಲಿಲ್ಲ. ಕಾಕಾ ಜೀಪು ವಾಪಸು ಕಳಿಸಲು ಹೋದರು.

ಅಪ್ಪ ಜೀಪಿನ ಸದ್ದು ಕೇಳಿದ್ದರು. ಯಾರ ಕೈಯಲ್ಲೋ ಹೊರಗೆ ಹೋಗುವ ಅಂಗಿ ಹಾಕಿಸಿಕೊಂಡು ಕಾಯುತ್ತಿದ್ದರು.

‘ಜೀಪ್ ಹೋತಲ್ಲ?’

‘ಇಲ್ಲೇ ಇರಣಂತ’ ಎಂದಳು ಅವ್ವ. ‘ರಸ್ತಾ ಬಾಳ ಖರಾಬ್ ಐತಂತ.’

ಅಪ್ಪ ವರ್ಷಗಟ್ಟಲೆ ಆ ಹೆದ್ದಾರಿಯಲ್ಲೇ ಲಾರಿ ಓಡಿಸಿದವರು. ಅವ್ವನ ಮುಖವನ್ನೇ ನೋಡಿದರು.

‘ಹೋಗಾಕ ಬರಲಾರದಷ್ಟ?’

‘ಹೂಂ. ಅಷ್ಟ.’

‘ಹಂಗಾರ ಈ ಅಂಗಿ ತಗಿ’ ಎಂದರು. ಅವ್ವ ಗುಂಡಿ ಬಿಚ್ಚತೊಡಗಿದಳು. ತೋಳು ಎತ್ತಲು ಅಪ್ಪನಿಗೆ ಆಗಲಿಲ್ಲ, ನಾನು ಹಿಡಿದುಕೊಂಡೆ.