ರದ್ದಾಗದ ಆಪೆರಾ

ಅತ್ತಿಗೆ, ಆ ದಿನ ಮಳೆಗೆ ಆಪೆರಾ ರದ್ದಾಗಿರಲಿಲ್ಲ. ನಾನು ಸುಳ್ಳು ಹೇಳಿದೆ. ನಿಮ್ಮನ್ನು ಸಿಡ್ನಿಯಲ್ಲೇ ನಿಲ್ಲಿಸಿ, ನಿಮ್ಮ ಟಿಕೆಟನ್ನು ನಮ್ಮ ಆಸ್ಪತ್ರೆಯ ಮೇಲಧಿಕಾರಿ ಹೆಲೆನ್‌ಗೆ ಕೊಟ್ಟು, ನಾನು ಹೋಗಿಬಂದೆ.

ಹಾಡುತ್ತಲೇ ಕಥೆ ನಡೆಸುವ ಆ ನಾಟಕದ ರುಚಿ ಹತ್ತಿಸಿದವರೇ ನೀವು. ಅಣ್ಣನನ್ನು ಮದುವೆಯಾಗಿ ಸಿಡ್ನಿಯ ಪೆಂಡಲ್ ಹಿಲ್‌ನ ನಮ್ಮ ಮನೆಗೆ ಬಂದ ಹೊಸದರಲ್ಲಿ, ಅಡುಗೆಮನೆಯ ರೇಡಿಯೋದಲ್ಲಿ ಆಪೆರಾ ಬಂದರೆ ಕಾವಲಿಯ ಮೇಲೆ ಚಪಾತಿ ಸೀದರೂ ನಿಮಗೆ ಗೊತ್ತಾಗುತ್ತಿರಲಿಲ್ಲ. "ಭಾಷೆ ಯಾಕೆ ಬೇಕೇ ಸುಮಾ, ಆ ಹುಡುಗಿ ಅಳ್ತಿರೋದು ಗೊತ್ತಾಗಲ್ವಾ?" ಎನ್ನುತ್ತಿದ್ದಿರಿ. ನಾನು ಕೆಲಸಕ್ಕೆಂದು ಮೆಲ್ಬರ್ನ್‌ಗೆ ಬಂದ ಮೇಲೆ, ಇಲ್ಲಿ ಊರ ಹೊರಗಿನ ಹಳೆಯ ಬಂಗಲೆಯ ತೋಟದಲ್ಲಿ ಬೇಸಿಗೆಯ ಆಪೆರಾ ಇದೆ ಎಂದಾಗ ನನಗಿಂತ ಹೆಚ್ಚು ಕುಣಿದವರೂ ನೀವೇ. ನಡುವಿನ ಉದ್ದನೆಯ ವಿರಾಮದಲ್ಲಿ ಎಲ್ಲರೂ ಹುಲ್ಲಿನ ಮೇಲೆ ಕೂತು ತಂದ ಊಟ ತಿನ್ನುವುದು ಅಲ್ಲಿನ ಪದ್ಧತಿ. ಹಿಂದಿನ ಸಂಜೆ ಫೋನಿನಲ್ಲಿ ಹೇಳಿದಿರಿ — "ಪುಳಿಯೋಗರೆ ಕಲಸಿದ್ದೀನಿ ಕಣೇ, ದೊಡ್ಡ ಸ್ಟೀಲ್ ಡಬ್ಬಿ. ನಿನ್ನ ಆಫೀಸಿನೋರಿಗೂ ಆಗುತ್ತೆ."

ಅಲ್ಲೇ ನನ್ನ ಬುದ್ಧಿ ಕೆಟ್ಟಿತು. ಆಸ್ಪತ್ರೆಯ ಜೊತೆಯವರು ಹಲವರು ಅಲ್ಲಿಗೆ ಬರುವವರಿದ್ದರು. ಅವರ ಮುಂದೆ ಆ ಡಬ್ಬಿ, ಆ ಇಂಗಿನ ವಾಸನೆ, ರೇಷ್ಮೆ ಸೀರೆ, ನಿಮ್ಮ ಜೋರು ನಗು — ನಾಚಿಕೆಯಾಯಿತು ಅತ್ತಿಗೆ. ನಿಮ್ಮ ಬಗ್ಗೆಯೇ ನಾಚಿಕೆಯಾಯಿತು. ಬೆಳಗ್ಗೆ ಎದ್ದರೆ ಧೋ ಎಂದು ಮಳೆ. ನೀವು ಏರ್‌ಪೋರ್ಟಿಗೆ ಹೊರಡುವ ಮೊದಲೇ ಫೋನ್ ಮಾಡಿಬಿಟ್ಟೆ. "ಹೋಗ್ಲಿ ಬಿಡು, ಮಳೆ ಏನ್ ನಮ್ ಮಾತು ಕೇಳುತ್ತಾ" ಎಂದು ನೀವೇ ನನ್ನನ್ನು ಸಮಾಧಾನ ಮಾಡಿದಿರಿ.

ಮಧ್ಯಾಹ್ನದ ಹೊತ್ತಿಗೆ ಸುಡುಬಿಸಿಲು! ಆ ಸಂಜೆಯ ಬಗ್ಗೆ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ, ಈಗ ಹೇಳದೆ ಇರಲಾರೆ. ಮೊದಲ ಅಂಕದಲ್ಲಿ ಬೆವರುತ್ತಿದ್ದೆವು. ಊಟಕ್ಕೆ ಕೂತ ಕೂಡಲೇ ಗಾಳಿ ತಿರುಗಿತು, ಕೊಡೆಗಳು ಹಾರಿದವು, ಹೆಲೆನ್ ತಂದ ಸ್ಯಾಂಡ್‌ವಿಚ್ ನೆನೆದು ಮುದ್ದೆಯಾಯಿತು. ಎಲ್ಲರೂ ನಗುತ್ತಾ ಬಂಗಲೆಯ ವರಾಂಡಕ್ಕೆ ಓಡಿದೆವು. ಹಾಡುವವರೂ ಅಲ್ಲಿಗೇ ಬಂದರು. ವೇದಿಕೆಯಿಲ್ಲ, ಒಂದು ಪಿಯಾನೊ ಅಷ್ಟೇ. ನನ್ನಿಂದ ಒಂದು ಮಾರು ದೂರದಲ್ಲಿ, ಒದ್ದೆ ಕೂದಲಿನ ಹುಡುಗಿಯೊಬ್ಬಳು ಕೊನೆಯ ಹಾಡು ಎತ್ತಿಕೊಂಡಳು — ಮೇಲೆ ತಗಡಿಗೆ ಮಳೆ ಬಡಿಯುತ್ತಿತ್ತು, ಅವಳ ದನಿ ಅದನ್ನೂ ಮೀರಿ ಏರಿತು, ಏರುತ್ತಲೇ ಹೋಯಿತು — ಮೈಯೆಲ್ಲ ಜುಂ ಎಂದಿತು. ನಿಮ್ಮ ಕೈ ಹಿಡಿಯಲು ನನ್ನ ಕೈ ತಾನಾಗಿ ಪಕ್ಕಕ್ಕೆ ಹೋಯಿತು. ಅಲ್ಲಿದ್ದ ಹೆಲೆನ್, ನನಗೆ ಚಳಿಯಾಗುತ್ತಿದೆ ಎಂದುಕೊಂಡು ತನ್ನ ಶಾಲು ಕೊಟ್ಟಳು.

ಮೊನ್ನೆ ನೀವೇ ಎರಡು ಟಿಕೆಟ್ ಬುಕ್ ಮಾಡಿ ಫೋನ್ ಮಾಡಿದಿರಿ. "ಆವಾಗ ಮಳೆ ಮೋಸ ಮಾಡ್ತಲ್ಲ, ಈ ಸಲ ಬಿಡಲ್ಲ. ನೀನು ನನ್ನ ಬಲಗಡೆ ಕೂತ್ಕೊ, ಎಡಗಿವಿ ಪೂರ್ತಿ ಹೋಗಿದೆ. ಬಲಗಡೇದೂ ಅಷ್ಟಕ್ಕಷ್ಟೇ."

ಮೋಸ ಮಾಡಿದವಳು ನಾನು. ನೀವು ಮೆಲ್ಬರ್ನ್‌ಗೆ ಹೊರಡುವ ಮೊದಲೇ ಇದು ನಿಮಗೆ ಗೊತ್ತಾಗಬೇಕು. ನನ್ನ ಟಿಕೆಟನ್ನು ಬೇರೆ ಯಾರಿಗೆ ಕೊಟ್ಟರೂ ನಾನು ಒಂದು ಮಾತೂ ಆಡುವುದಿಲ್ಲ. ಆ ಸಂಜೆ ನಿಮ್ಮ ಎರಡೂ ಕಿವಿ ಚೆನ್ನಾಗಿದ್ದವು, ಅತ್ತಿಗೆ.