ಸತ್ತ ಪ್ರೋಟೀನಿಗೆ ಗಟ್ಟಿ ಮನೆ

ಅಪ್ಪ ಬಿಂದುಮಾಧವ ಬ್ಯಾಂಕಿನ ನೌಕರಿಗೆಂದು ಧಾರವಾಡದಿಂದ ಪುಣೆಗೆ ಬಂದವರು. ನಾನು, ಅವರ ಒಬ್ಬಳೇ ಮಗಳು ಮಂಜರಿ, ಹುಟ್ಟಿ ಬೆಳೆದದ್ದು ಅಲ್ಲಿನ ಬಿಬವೇವಾಡಿ ಬಡಾವಣೆಯಲ್ಲಿ. ಎಂ.ಎಸ್ಸಿ.ಯಲ್ಲಿ ನನಗೆ ಚಿನ್ನದ ಪದಕ ಕೂದಲೆಳೆಯಲ್ಲಿ ತಪ್ಪಿತೆಂದು ಅಪ್ಪ ಈಗಲೂ ಹೇಳುತ್ತಾರೆ. ಆ ಕೂದಲು ಸಾಕಷ್ಟು ದಪ್ಪವಿತ್ತು. ನನಗಿಂತ ಮುಂದೆ ಅರ್ಧ ತರಗತಿಯೇ ಇತ್ತು.

ಪಿಎಚ್.ಡಿ.ಗೆ ನನ್ನ ಪಾಲಿಗೆ ಬಂದದ್ದು ಒಂದು ಪ್ರೋಟೀನು. ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇರುತ್ತದೆ. ಅದರಲ್ಲಿ ಕೂತು ಬೇಕಾದದ್ದನ್ನು ಒಳಗೆ, ಬೇಡವಾದದ್ದನ್ನು ಹೊರಗೆ ಸಾಗಿಸುವ ಪಂಪುಗಳಂಥ ಪ್ರೋಟೀನುಗಳಿವೆ. ಪೊರೆಯಿಂದ ಕಿತ್ತರೆ ಅವು ಕೆಟ್ಟುಹೋಗುತ್ತವೆ. ಅದಕ್ಕೇ ಕಣ್ಣಿಗೆ ಕಾಣದಷ್ಟು ಚಿಕ್ಕ ಕೊಬ್ಬಿನ ಗುಳ್ಳೆಗಳನ್ನು ಮಾಡಿ, ಪ್ರೋಟೀನನ್ನು ಅವುಗಳ ಗೋಡೆಯಲ್ಲಿ ಕೂಡಿಸುತ್ತಾರೆ. ಆದರೆ ಆ ಗುಳ್ಳೆಗಳು ಕೆಲವೇ ದಿನಗಳಲ್ಲಿ ಸೋರಿ ಒಡೆಯುತ್ತವೆ, ಪಂಪೂ ನಿಲ್ಲುತ್ತದೆ. ಅದನ್ನು ಹೆಚ್ಚು ಕಾಲ ನಡೆಸುವುದು ನನ್ನ ಕೆಲಸ.

ಕೊಬ್ಬು ಮೆತ್ತಗಿರುವುದೇ ರೋಗ ಎಂದು ನಾನು ಲ್ಯಾಬಿಗೆ ಬಂದ ವಾರದಲ್ಲೇ ತೀರ್ಪು ಕೊಟ್ಟೆ. ಅದನ್ನು ಪೂರ್ತಿ ಬಿಟ್ಟು, ಪ್ಲಾಸ್ಟಿಕ್ಕಿನ ದೂರದ ನೆಂಟನಾದ ಪಾಲಿಮರಿನಿಂದ ಗುಳ್ಳೆ ಮಾಡಿದರಾಯಿತು! ನನ್ನ ಗೈಡ್ ಶಾಲಿನಿ ಮೇಡಂ ಎರಡನ್ನೂ ಬೆರೆಸಿ ನೋಡು ಎಂದರು. ಬೆರಕೆ ಮಾಡುವುದು ಧೈರ್ಯವಿಲ್ಲದವರ ದಾರಿ ಎಂದುಕೊಂಡೆ. ನನಗೆ ಧೈರ್ಯ ಬೇಕಾದಷ್ಟಿತ್ತು. ಕೊರತೆ ಇದ್ದದ್ದು ಬೇರೆಯದರದು.

ಎರಡು ವರ್ಷಕ್ಕೆ ಗುಳ್ಳೆಗಳೇನೋ ಸಿದ್ಧವಾದವು. ಕುಲುಕಿದೆ, ಕಾಯಿಸಿದೆ, ಮೇ ತಿಂಗಳ ಬಿಸಿಲಿಗೆ ಕಿಟಕಿಯಲ್ಲಿಟ್ಟೆ. ಒಡೆಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಮುತ್ತಿನಂತೆ ಕಂಡವು. ಅವುಗಳ ಫೋಟೊಗಳನ್ನು ಹೊತ್ತು, ಊರಲ್ಲೇ ನಡೆದ ವಿಚಾರ ಸಂಕಿರಣಕ್ಕೆ ಹೋದೆ. ಅಪ್ಪ ಕೋಟು ಹಾಕಿಕೊಂಡು, ಅವ್ವನನ್ನೂ ಹೊರಡಿಸಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತರು. ಪರದೆಯ ಮೇಲೆ ಚಿತ್ರ ಬದಲಾದಾಗಲೆಲ್ಲ ಚಪ್ಪಾಳೆ ತಟ್ಟಿದರು.

ಕೊನೆಗೆ ನೀತಾ ಎಂಬ ಹಿರಿಯ ವಿಜ್ಞಾನಿ ಎದ್ದು ನಿಂತರು. "ಗುಳ್ಳೆಗಳು ಸುಂದರವಾಗಿವೆ. ಪಂಪು ನಡೆಯುತ್ತಿದೆಯೇ?"

"ಗೋಡೆಯಲ್ಲಿ ಕೂತಿದೆ, ಮೇಡಂ."

"ಕೂತಿರುವುದು ಕಂಡಿತು. ನಡೆಯುತ್ತಿದೆಯೇ?"

ಮಾಡಿದ ದಿನ ಒಮ್ಮೆ ನೋಡಿದ್ದೆ, ಮಂದವಾಗಿ ನಡೆದಿತ್ತು. ಆಮೇಲೆ ನಾನು ಫೋಟೊ ತೆಗೆಯುವುದರಲ್ಲಿ ಮುಳುಗಿಬಿಟ್ಟಿದ್ದೆ. ಹಾಗೆಂದೇ ಹೇಳಿದೆ. ಸಭೆ ನಕ್ಕಿತು. ಮೆಚ್ಚಿ ನಗುತ್ತಿದ್ದಾರೆಂದು ತಿಳಿದು ಅಪ್ಪ ಮತ್ತೆ ಚಪ್ಪಾಳೆ ತಟ್ಟಿದರು.

ರಿಕ್ಷಾದಲ್ಲಿ ಅವರಿಗೆ ವಿಷಯ ಬಿಡಿಸಿ ಹೇಳಬೇಕಾಯಿತು.

"ಆಕಿ ಭಾಳ ಜೋರ್ ಇದ್ದಾಳ. ಹೌದ್ರಿ, ಛಲೋ ನಡದದ ಅಂದಬಿಟ್ರ ಮುಗೀತಿತ್ತು," ಎಂದರು ಅಪ್ಪ.

"ಸುಳ್ಳ ಹೇಳಬೇಕಿತ್ತೇನಪಾ?"

"ಹೋಗ್ಲಿ ಬಿಡವಾ, ಸೀರಿ ಭಾಳ ಛಲೋ ಒಪ್ಪಿತ್ತು ನಿನಗ," ಎಂದಳು ಅವ್ವ.

ಮರುದಿನ ಪರೀಕ್ಷಿಸಿದೆ. ಪಂಪು ನಡೆದರೆ ಗುಳ್ಳೆಯ ಒಳಗೆ ಹುಳಿ ಏರುತ್ತದೆ, ಅಲ್ಲಿ ಸೇರಿಸಿದ ಬಣ್ಣದ ಬೆಳಕು ಕುಂದುತ್ತದೆ, ಕಂಪ್ಯೂಟರ್ ಪರದೆಯ ಗೆರೆ ಕೆಳಗಿಳಿಯುತ್ತದೆ. ನನ್ನ ಗೆರೆ ಪುಣೆಯಿಂದ ದೌಂಡಿಗೆ ಹೋಗುವ ರೈಲು ಹಳಿಯಂತೆ ನೆಟ್ಟಗೆ ಹೋಯಿತು. ಪಾಲಿಮರಿನ ಗೋಡೆ ದಪ್ಪ, ಬಿಗಿ. ಪ್ರೋಟೀನಿಗೆ ಮಿಸುಕಾಡಲು ಜಾಗವಿರಲಿಲ್ಲ. ಎರಡು ವರ್ಷ ಬೆವರು ಸುರಿಸಿ ನಾನು ಕಟ್ಟಿದ್ದು ಒಳ್ಳೆಯ ಗೋರಿಯನ್ನು.

ಶಾಲಿನಿ ಮೇಡಂ ಬೈಯಲಿಲ್ಲ. "ಅಗ ಮಂಜರಿ, ಆತಾ ತರೀ ಮಿಸಳ," ಎಂದರು. ಮರಾಠಿಯಲ್ಲಿ, ಈಗಲಾದರೂ ಬೆರೆಸು ಎಂದು ಅರ್ಥ.

ಬೆರೆಸಿದೆ. ಹಳೆಯ ಮೋಹಕ್ಕೆ ಮೊದಲ ಸಲ ಪಾಲಿಮರ್ ಹೆಚ್ಚು ಸುರಿದೆ, ಪಂಪು ಅಲುಗಲಿಲ್ಲ. ಮತ್ತೊಂದು ಸಲ ಎರಡೂ ಮುನಿಸಿಕೊಂಡವರಂತೆ ಬೇರೆ ಬೇರೆ ಗುಂಪು ಕಟ್ಟಿದವು. ಕಡೆಗೆ ಅರ್ಧಕ್ಕರ್ಧ ಹಾಕಿದಾಗ ನಡೆಯಿತು, ಆದರೆ ಬರೀ ಕೊಬ್ಬಿನ ಗುಳ್ಳೆಯಲ್ಲಿ ನಡೆದದ್ದಕ್ಕಿಂತ ನಿಧಾನವಾಗಿ. ಚೆಲ್ಲಬೇಕೆಂದುಕೊಂಡೆ. ಸೋಮಾರಿತನದಿಂದ ಚೆಲ್ಲಲಿಲ್ಲ.

ವಾರ ಕಳೆದ ಮೇಲೆ ಎರಡನ್ನೂ ಮತ್ತೆ ಅಳೆದೆ. ಕೊಬ್ಬಿನದು ಸತ್ತಿತ್ತು. ಬೆರಕೆಯದು ಮೊದಲ ದಿನದಂತೆಯೇ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಸೀಸೆಗಳ ಚೀಟಿ ಅದಲುಬದಲಾಗಿರಬೇಕೆಂದುಕೊಂಡು ಮೇಡಂ ಎದುರಿಗೇ ಹೊಸದಾಗಿ ಮಾಡಿದೆ. ಮತ್ತೆ ಅದೇ ಫಲ. ತಿಂಗಳು ದಾಟಿದ ಮೇಲೂ ಅರ್ಧಕ್ಕಿಂತ ಹೆಚ್ಚು ಶಕ್ತಿ ಉಳಿದಿತ್ತು. ಕೊಬ್ಬು ಅದಕ್ಕೆ ಮಿಸುಕಾಡಲು ಜಾಗ ಕೊಟ್ಟಿತ್ತು, ಪಾಲಿಮರ್ ಗೋಡೆಯನ್ನು ಹಿಡಿದು ನಿಲ್ಲಿಸಿತ್ತು. ಮೇಡಂ ನನ್ನ ಬೆನ್ನು ತಟ್ಟಿದಾಗ ಅಲ್ಲೇ ಅತ್ತುಬಿಟ್ಟೆ. ಕಣ್ಣಿಗೆ ರಾಸಾಯನಿಕ ಸಿಡಿಯಿತೆಂದು ಹೇಳಿದೆ. ಅವರು ಗಾಬರಿಯಾಗಿ ನನ್ನ ತಲೆಯನ್ನು ನಲ್ಲಿಯ ಕೆಳಗೆ ಹಿಡಿದರು.

ನೀತಾ ಅವರಿಗೆ ಮೇಲ್ ಕಳಿಸಿದೆ: "ಕೊಬ್ಬು ಬೆರೆಸಿದೆ. ಪಂಪು ನಡೆಯುತ್ತಿದೆ." ಉತ್ತರ ಬಂತು: "ಒಳ್ಳೆಯದು. ಯಾವ ಕೊಬ್ಬು?" ಅಷ್ಟನ್ನೇ ಇಡೀ ದಿನ ಓದಿದೆ.

ಅಪ್ಪ ಕನ್ನಡ ಸಂಘದಲ್ಲಿ ಸಾರಿದರು. "ನಮ್ಮ ಮಂಜರಿ ಸತ್ತ ಪ್ರೋಟೀನ್ ಎಬ್ಬಿಸಿ ಕೂಡಿಸ್ಯಾಳ್ರಿ!"

"ಎಬ್ಬಿಸಿಲ್ಲಪಾ, ಸಾಯೂದನ್ನ ಸ್ವಲ್ಪ ತಡಾ ಮಾಡೇನಿ ಅಷ್ಟಽ."

"ಡಾಕ್ಟರ್ ಮಂದಿ ಮತ್ತೇನ ಮಾಡ್ತಾರ?" ಎಂದರು ಅಪ್ಪ.

ಕಳೆದ ತಿಂಗಳು ಮೇಡಂ ಎರಡನೆಯ ಪ್ರೋಟೀನು ಕೊಟ್ಟರು. ನಮ್ಮ ಹೆಸರಾಂತ ಬೆರಕೆ ಅದಕ್ಕೆ ಹಿಡಿಸಲಿಲ್ಲ. ಕೂಡಿಸಿದ ಮರುದಿನವೇ ನಿಂತಿತು. ಬೇರೆ ಜಾತಿಯ ಕೊಬ್ಬು ತರಿಸಿದ್ದೇನೆ. ಈ ಸುದ್ದಿಯನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ.